ದಿಂಬಿನ ಮೇಲೆ ಕಲಿತ ಸಿಪಿಆರ್

ಮಾನ್ಯರೇ,

ಕಳೆದ ತಿಂಗಳು ವಿಡಿಯೊ ತರಗತಿಯಲ್ಲಿ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸಲು ಯತ್ನಿಸುವ ಪ್ರಥಮ ಚಿಕಿತ್ಸೆ) ಕಲಿತೆ. ಅಭ್ಯಾಸಕ್ಕೆ ಸಿಕ್ಕಿದ್ದು ಮನೆಯ ದಿಂಬು. ಎದೆಯನ್ನು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು, ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು ಎಂದರು. ವೇಗವೇನೋ ಹಿಡಿತಕ್ಕೆ ಬಂತು. ಆಳ? ದಿಂಬು ಏನೂ ಹೇಳಲಿಲ್ಲ. ಫೋನಿನ ಕ್ಯಾಮೆರಾ ನನ್ನ ಮುಖಕ್ಕೆ ನೆಟ್ಟಿತ್ತು. ಮೊಣಕೈ ಮಡಚಿಕೊಂಡಿದ್ದು ಕಲಿಸುವವರಿಗೆ ಕಾಣಲೇ ಇಲ್ಲ. ‘ಚೆನ್ನಾಗಿದೆ’ ಎಂದರು. ಪ್ರಮಾಣಪತ್ರವೂ ಬಂತು (ಅದರಲ್ಲಿ ನನ್ನ ಹೆಸರು ತಪ್ಪು, ಅದು ಬೇರೆ ಮಾತು).

ಆಮೇಲೆ ಗೆಳತಿಯ ಕಚೇರಿಯಲ್ಲಿ, ಸರಿಯಾಗಿ ಒತ್ತಿದರೆ ‘ಕ್ಲಿಕ್’ ಎನ್ನುವ ತರಬೇತಿ ಗೊಂಬೆಯ ಮೇಲೆ ಕೈ ಇಟ್ಟೆ. ಮೊದಲ 20 ಸಲ ಸದ್ದೇ ಇಲ್ಲ! ತೋಳು ನೆಟ್ಟಗೆ ಮಾಡಿ, ಭುಜದ ಭಾರ ಬಿಟ್ಟ ಮೇಲೆಯೇ ಕ್ಲಿಕ್ ಎಂದಿತು. ಎರಡು ನಿಮಿಷಕ್ಕೆ ಬೆವರಿಳಿಯಿತು. ಅಷ್ಟು ಹೊತ್ತಿಗೊಮ್ಮೆ ಒತ್ತುವವರು ಬದಲಾಗಬೇಕು ಎನ್ನುವುದೇಕೆಂದು ಆಗ ಗೊತ್ತಾಯಿತು.

ವಿಡಿಯೊ ತರಗತಿ ಬೇಡವೆನ್ನುತ್ತಿಲ್ಲ. ಗೊಂಬೆಯನ್ನು ಮೊದಲೇ ಅಂಚೆಯಲ್ಲಿ ಕಳಿಸಲಿ, ಕ್ಯಾಮೆರಾವನ್ನು ಪಕ್ಕದಲ್ಲಿ ಇಡಿಸಿ ಒಬ್ಬೊಬ್ಬರ ತೋಳನ್ನೂ ನೋಡಲಿ. ವಾಪಸು ಕಳಿಸುವ ಖರ್ಚು ಬೇಕಾದರೆ ನಾವೇ ಹಾಕಿಕೊಳ್ಳುತ್ತೇವೆ.

– ಒಬ್ಬ ಓದುಗಿ