ಈ ಭಾನುವಾರದ ಮಾತುಕತೆ: ಮಾಸ್ಕೋದ ಸೇನಾ ತಂಡ ಸಿಎಸ್‌ಕೆಎ

ಗೆಳೆಯರೇ, ಈ ಸಲದ ವಿಷಯ ಐಸ್ ಹಾಕಿ ಆಟ. ಬರುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಿ.

1946ರಲ್ಲಿ ಸೋವಿಯತ್ ಸೇನೆ ಕಟ್ಟಿದ ತಂಡ ಇದು. ಮೊದಲು ಹೆಸರು ಬೇರೆ ಇತ್ತು, ಸಿಎಸ್‌ಕೆಎ ಆಗಿದ್ದು 1960ರಲ್ಲಿ. ಒಟ್ಟು 32 ಸೋವಿಯತ್ ಲೀಗ್ ಪ್ರಶಸ್ತಿ. ಅದರಲ್ಲಿ 1977ರಿಂದ 1989ರವರೆಗೆ ಸತತ 13! ಸೇನೆಯಲ್ಲಿ ಕಡ್ಡಾಯ ಸೇವೆ ಇತ್ತಲ್ವಾ, ಹಾಗಾಗಿ ಬೇರೆ ಕ್ಲಬ್‌ಗಳ ಒಳ್ಳೆ ಹುಡುಗರೂ ಇಲ್ಲಿಗೇ ಬರುತ್ತಿದ್ದರು. ಉಳಿದ ತಂಡಗಳಿಗೆ ಇದು ಅನ್ಯಾಯವೇ ಅನ್ನೋದು ನನ್ನ ಅಭಿಪ್ರಾಯ.

ಆದರೆ ಆಟ ಮಾತ್ರ ಅದ್ಭುತ. 1975ರ ಡಿಸೆಂಬರ್ 31ರ ರಾತ್ರಿ ಮಾಂಟ್ರಿಯಲ್‌ನಲ್ಲಿ ಅಲ್ಲಿನ ಕ್ಲಬ್ ಕೆನೇಡಿಯನ್ಸ್ ಆಟಗಾರರು 38 ಸಲ ಗೋಲಿನತ್ತ ಹೊಡೆದರು, ಸಿಎಸ್‌ಕೆಎಯವರು ಬರೀ 13 ಸಲ. ಸಿಎಸ್‌ಕೆಎ ಗೋಲ್‌ಕೀಪರ್ ತ್ರೆಟ್ಯಾಕ್ ಗೋಡೆಯ ಹಾಗೆ ನಿಂತರು. ಪಂದ್ಯ 3-3. ದಯವಿಟ್ಟು ಇದರ ವಿಡಿಯೊ ನೋಡಿಯೇ ಬನ್ನಿ.

ಕೋಚ್ ತಾರಾಸೊವ್ ಪಾಸ್ ಆಟ ಕಲಿಸಿದರು. ಆಮೇಲೆ ಬಂದ ತಿಖೊನೊವ್ ತುಂಬಾ ಕಟ್ಟುನಿಟ್ಟು. ಮದುವೆಯಾದ ಆಟಗಾರರೂ ವರ್ಷದ ಬಹುಪಾಲು ಶಿಬಿರದಲ್ಲೇ ಇರಬೇಕಿತ್ತು. ತಂಡದ ಆಟಗಾರರಾದ ಫೆಟಿಸೊವ್, ಲಾರಿಯೊನೊವ್ ಇದರ ವಿರುದ್ಧ ಬಹಿರಂಗವಾಗಿಯೇ ದನಿ ಎತ್ತಿ, 1989ರಲ್ಲಿ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ಗೆ ಹೋದರು. 1997ರಲ್ಲಿ ಡೆಟ್ರಾಯಿಟ್ ತಂಡದ ಪರ ಆ ಲೀಗ್‌ನ ಟ್ರೋಫಿ ಸ್ಟ್ಯಾನ್ಲಿ ಕಪ್ ಗೆದ್ದು, ಅದನ್ನು ಮಾಸ್ಕೋದ ಕೆಂಪು ಚೌಕಕ್ಕೇ ತಂದರು. ಆ ಫೋಟೊ ನೋಡಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ತಂಡ ಈಗಲೂ ಇದೆ. 2019, 2022, 2023ರಲ್ಲಿ ರಷ್ಯಾ ಕೇಂದ್ರಿತ ಕೆಎಚ್‌ಎಲ್ ಲೀಗ್‌ನ ಟ್ರೋಫಿ ಗಗಾರಿನ್ ಕಪ್ ಗೆದ್ದಿದೆ. ಪ್ರಶ್ನೆಗಳಿದ್ದರೆ ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ.