ರಸ್ತೆ ಅಗೆಯುವ ಅನುಮತಿ: ಬೀದರ್ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರಗಳು.

ನಾನು ಬೀದರ್ ಜಿಲ್ಲೆಯಲ್ಲಿ ನೀರಿನ ಕೊಳವೆ ಮತ್ತು ಕೇಬಲ್ ಹಾಕುವ ಸಣ್ಣ ಗುತ್ತಿಗೆದಾರ. ರಸ್ತೆ ಅಗೆಯುವವರ ಮೇಲೆ ಜನರಿಗಿರುವ ಸಿಟ್ಟು ನನಗೆ ಹೊಸದಲ್ಲ. ಅದರಲ್ಲಿ ಒಂದು ಪಾಲು ನನಗೂ ಸಲ್ಲಬೇಕಾದದ್ದೇ. ಆದರೆ ಗುದ್ದಲಿ ಬೀಳುವ ಮುಂಚೆ ಅನುಮತಿಯ ಹೆಸರಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಅಗೆಯುವವನೇ ಹೇಳದಿದ್ದರೆ ಇನ್ಯಾರು ಹೇಳಬೇಕು?

ಕಳೆದ ವರ್ಷ ಜಿಲ್ಲೆಯ ಒಂದು ಪಟ್ಟಣದಲ್ಲಿ ಹನ್ನೊಂದು ಮನೆಗಳಿಗೆ ನೀರಿನ ಸಂಪರ್ಕ ಕೊಡುವ ಕೆಲಸ ಸಿಕ್ಕಿತು. ಊರಿನ ಹೆಸರು ಬೇಡ, ಅಲ್ಲಿಂದ ನನಗೆ ಇನ್ನೂ ಬಿಲ್ ಬರಬೇಕಿದೆ. ಅಗೆಯಬೇಕಾದದ್ದು ನಲವತ್ತು ಮೀಟರ್. ಅರ್ಜಿ, ಕೈಬರಹದ ನಕ್ಷೆ, ಉದ್ದ ಅಗಲದ ಅಳತೆ, ರಸ್ತೆ ಡಾಂಬರಿನದೋ ಸಿಮೆಂಟ್ ಕಾಂಕ್ರೀಟಿನದೋ ಎಂಬ ವಿವರ, ಚಲನ್ ಕಟ್ಟಿದ ರಶೀದಿ ಎಲ್ಲವನ್ನೂ ಕೊಟ್ಟೆ. ರಸ್ತೆಯ ಒಂದು ತುದಿ ಬೇರೆ ಇಲಾಖೆಗೆ ಸೇರಿದ್ದೆಂದು ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಲು ಹೇಳಿದರು. ತಂದೆ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರಿಯುವಾಗ ನಡುವೆ ಒಬ್ಬರು ರಜೆ ಹಾಕಿದರು, ಇನ್ನೊಬ್ಬರು ವರ್ಗವಾದರು. ನಲವತ್ತು ಮೀಟರಿಗೆ ನಲವತ್ತೇಳು ದಿನ. ಕೊನೆಗೆ ಆರು ಸಹಿಗಳಿದ್ದ ಅನುಮತಿ ಪತ್ರ ಕೈಗೆ ಬಂತು.

ಅಗೆತ ಶುರುವಾಗಿ ಅರ್ಧ ತಾಸೂ ಆಗಿರಲಿಲ್ಲ. ಜೆಸಿಬಿಯ ಹಲ್ಲು ಹಳೆಯ ಮೂರಿಂಚಿನ ಕೊಳವೆಗೆ ತಗುಲಿ ನೀರು ಮನೆಯ ಕಟ್ಟೆಯವರೆಗೂ ಚಿಮ್ಮಿತು. ಎದುರು ಮನೆಯ ಅವ್ವ ಬೈಯುತ್ತಲೇ ಎರಡು ಕೊಡ ತಂದು ಆ ನೀರನ್ನೇ ತುಂಬಿಕೊಂಡರು; ಮರುದಿನ ನಲ್ಲಿ ಬರುವುದಿಲ್ಲವೆಂದು ಅವರಿಗೆ ಗೊತ್ತಾಗಿತ್ತು. ಆ ಕೊಳವೆ ಯಾವ ನಕ್ಷೆಯಲ್ಲೂ ಇರಲಿಲ್ಲ. ಅದು ಅಲ್ಲಿದೆಯೆಂದು ಬಲ್ಲವರು ಇಡೀ ಊರಿನಲ್ಲಿ ಒಬ್ಬರೇ, ನಿವೃತ್ತರಾದ ನೀರಗಂಟಿ. ಸುದ್ದಿ ತಿಳಿದು ಊರುಗೋಲು ಹಿಡಿದು ಬಂದ ಆ ಕಾಕಾ ಗುಂಡಿಯನ್ನು ಇಣುಕಿ ನೋಡಿ, "ತಮ್ಮಾ, ಬೇವಿನ ಮರದಿಂದ ಮೂರು ಮಾರು ಬಿಟ್ಟು ಅಗೆಯಬೇಕಿತ್ತು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ?" ಎಂದರು. ಆರು ಸಹಿಗಳ ಪತ್ರದಲ್ಲಿ ನಾನು ಎಷ್ಟು ಹಣ ಕಟ್ಟಿದ್ದೇನೆ ಎಂಬುದಿತ್ತು. ಬೇವಿನ ಮರ ಇರಲಿಲ್ಲ.

ಸಚಿವರೇ, ನನ್ನ ತಕರಾರು ಇಷ್ಟೇ. ಅನುಮತಿ ಎಂಬುದು ಹಣ ಕಟ್ಟಿದ್ದಕ್ಕೆ ರಶೀದಿಯಾಗಿದೆ. ನೆಲದಡಿ ಏನಿದೆ ಎಂದು ಕೊಡುವವರು ಹೇಳುವುದಿಲ್ಲ, ಹೇಗೆ ಮುಚ್ಚುತ್ತೀಯ ಎಂದು ಕೇಳುವುದೂ ಇಲ್ಲ.

ಕಾನೂನಿಗೆ ಕೊರತೆಯಿಲ್ಲ. ಪುರಸಭೆಗಳಿಗೆ 1964ರ ಅಧಿನಿಯಮವಿದೆ, ಮಹಾನಗರ ಪಾಲಿಕೆಗಳಿಗೆ 1976ರದ್ದು. ದೂರಸಂಪರ್ಕ ಕಂಪನಿಗಳಿಗಂತೂ ಹಾದಿ ಇನ್ನೂ ಸಲೀಸಾಗಿದೆ: 2025ರ ಜನವರಿ 1ರಿಂದ ಜಾರಿಯಲ್ಲಿರುವ ಕೇಂದ್ರದ ಮಾರ್ಗಾಧಿಕಾರ (ರೈಟ್ ಆಫ್ ವೇ, ಅಂದರೆ ಕೇಬಲ್ ಹಾಕಲು ಜಾಗ ಬಳಸುವ ಹಕ್ಕು) ನಿಯಮಗಳ ಪ್ರಕಾರ, ಅವರ ಅರ್ಜಿ ನಿಗದಿತ ಅವಧಿಯೊಳಗೆ ತೀರ್ಮಾನವಾಗದಿದ್ದರೆ ಅನುಮತಿ ಸಿಕ್ಕಿದಂತೆಯೇ ಲೆಕ್ಕ. ಕುಡಿಯುವ ನೀರಿನ ಕೊಳವೆ ಹಾಕುವವನಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅಗೆಯುವ ಮೊದಲು ನೆಲದಡಿಯ ಆಸ್ತಿಯ ಒಡೆಯರಿಗೆ ತಿಳಿಸಲೆಂದು 2023ರ ಮಾರ್ಚ್ 22ರಂದು ಪ್ರಧಾನಿಯವರು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆ ಮಾಡಿದರು. ಲೆಕ್ಕವಿಲ್ಲದ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಕೇಂದ್ರ ಸರ್ಕಾರವೇ ಆಗ ಹೇಳಿತ್ತು. ಒಳ್ಳೆಯ ಆಲೋಚನೆ. ಆದರೆ ಒಡೆಯನೇ ತನ್ನ ಕೊಳವೆ ಎಲ್ಲಿದೆಯೆಂದು ಅರಿಯದಿದ್ದರೆ ಆ್ಯಪ್ ತಾನೇ ಏನು ಹೇಳೀತು?

ಇನ್ನು ಮುಚ್ಚುವ ವಿಷಯ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಮೇಲೆ. ಅಲ್ಲಿ ಅಗೆಯುವುದು ಕಷ್ಟ, ಅಗೆದ ಗೋಡೆ ಮಾತ್ರ ಕುಸಿಯದೆ ನಿಲ್ಲುತ್ತದೆ. ಭಾಲ್ಕಿ, ಔರಾದ ಕಡೆಯ ಎರೆಮಣ್ಣಿನ ಸ್ವಭಾವವೇ ಬೇರೆ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ತೆಗೆದ ಎರೆಮಣ್ಣನ್ನೇ ಮತ್ತೆ ಗುಂಡಿಗೆ ತಳ್ಳಿ ಮೇಲೆ ಒಂದು ಪದರ ಸಿಮೆಂಟು ಬಳಿದರೆ ಆ ರಸ್ತೆಯ ಆಯುಷ್ಯ ಒಂದು ಮಳೆಗಾಲ. ಮುರುಮ್, ಅಂದರೆ ಗರಸು ಮಣ್ಣು ತಂದು, ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಮ್ಮಸ್ಸು ಮಾಡುತ್ತಾ ಮೇಲೆ ಬರಬೇಕು. ನಾನೂ ಒಮ್ಮೆ ಹಾಗೆ ಮಾಡಲಿಲ್ಲ. ಮುರುಮ್ ಲಾರಿ ಬರಲಿಲ್ಲ, ಕೂಲಿಯವರು ಸಂಜೆಯ ಬಸ್ಸಿಗೆ ಅವಸರಪಟ್ಟರು, ಬಂದ ಮಣ್ಣನ್ನೇ ಎಳೆದು ಮುಚ್ಚಿಸಿದೆ. ಶ್ರಾವಣದಲ್ಲಿ ಶಾಲಾ ಮಕ್ಕಳ ಆಟೊದ ಚಕ್ರ ಅಲ್ಲೇ ಹೂತುಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ, ಅದು ನನ್ನ ಪುಣ್ಯ. ಮುಚ್ಚುವ ದಿನ ಕೋಲು ಹಿಡಿದು ಅಳೆಯಲು ಒಬ್ಬರು ಬಂದಿದ್ದರೆ ನಾನು ಆ ಕಳ್ಳಾಟ ಆಡುತ್ತಿರಲಿಲ್ಲ.

ನಮ್ಮ ಜಿಲ್ಲೆಗೆ ನೆಲದಡಿಯ ಕೆಲಸ ಹೊಸದೇನಲ್ಲ. ಬಹಮನಿಗಳ ಕಾಲದ ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗವನ್ನು ತಾವು ನೋಡಿರಬಹುದು. ಜಂಬಿಟ್ಟಿಗೆಯೂ ಕೆಳಗಿನ ಕರಿಕಲ್ಲೂ ಕೂಡುವೆಡೆಯ ಒರತೆಯನ್ನು ಹಿಡಿದು ಸುರಂಗದಲ್ಲಿ ಹರಿಸಿದರು. ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಬಾಯಿಗಳನ್ನು ಬಿಟ್ಟರು. ಗಾಳಿ ಬೆಳಕಿಗೂ ಅವೇ, ಹೂಳೆತ್ತಲೂ ಅವೇ. ಒಳಗೆ ಏನಾದರೂ ಕೆಟ್ಟರೆ ನೆಲವನ್ನೆಲ್ಲ ಸೀಳಬೇಕಿರಲಿಲ್ಲ, ಹತ್ತಿರದ ಬಾಯಿಯಿಂದ ಇಳಿದರಾಯಿತು. ಆ ಬಾಯಿಗಳೇ ಕೆಳಗೇನಿದೆ ಎಂಬುದಕ್ಕೆ ಗುರುತು. ಅವುಗಳಲ್ಲಿ ಕೆಲವನ್ನು ಮುಚ್ಚಿ ಮೇಲೆ ಕಟ್ಟಿಕೊಂಡವರು ನಾವು.

ತಮ್ಮಿಂದ ಕೇಳುವುದು ದೊಡ್ಡದೇನಲ್ಲ. ಪ್ರತಿ ಅನುಮತಿಯ ಜೊತೆಗೆ ಆ ರಸ್ತೆಯ ಕೆಳಗಿರುವುದರ ಒಂದು ಪುಟದ ನಕ್ಷೆ ಇರಲಿ. ಇಲ್ಲದಿದ್ದರೆ 'ಗೊತ್ತಿಲ್ಲ' ಎಂದಾದರೂ ಬರೆದುಕೊಡಲಿ, ಆಗ ನಾನು ಜೆಸಿಬಿ ಬಿಟ್ಟು ಕೈಯಿಂದ ಅಗೆಸುತ್ತೇನೆ. ಗುಂಡಿ ಮುಚ್ಚುವ ಮುನ್ನ ಕೊಳವೆಯ ಆಳ, ಮತ್ತು ಶಾಶ್ವತವಾದ ಒಂದು ಗುರುತಿನಿಂದ ಅದಕ್ಕಿರುವ ದೂರ ದಾಖಲಾಗಲಿ. ಅದನ್ನು ಬರೆದುಕೊಡದವನಿಗೆ ಬಿಲ್ ಪಾಸಾಗದಿರಲಿ. ರಸ್ತೆ ಸರಿಯಾಗಿ ಮುಚ್ಚುವ ಖಾತರಿಗೆಂದು ನಮ್ಮಿಂದ ಕಟ್ಟಿಸಿಕೊಳ್ಳುವ ಠೇವಣಿಯನ್ನು ಒಂದು ಮಳೆಗಾಲ ಕಳೆದು ರಸ್ತೆ ನೋಡಿಯೇ ಹಿಂದಿರುಗಿಸಲಿ, ಆದರೆ ಹಿಂದಿರುಗಿಸಲಿ. ರಾತ್ರೋರಾತ್ರಿ ಅನುಮತಿಯಿಲ್ಲದೆ ಅಗೆದು ಹೋಗುವವರು ನನ್ನ ನಲವತ್ತೇಳು ದಿನದ ಕಥೆ ಕೇಳಿ ನಗುತ್ತಾರೆ. ಅವರಿಗೆ ದಂಡ ಹಾಕುವುದು ತಮಗೆ ಬಿಟ್ಟದ್ದು.

ನೀರಗಂಟಿ ಕಾಕಾ ಅವರಿಗೆ ಎಪ್ಪತ್ತೈದು ದಾಟಿದೆ. ದೀಪಾವಳಿಯ ರಜೆಯಲ್ಲಿ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆ ಪಟ್ಟಣವನ್ನು ಗಲ್ಲಿಗಲ್ಲಿ ಸುತ್ತಿ, ಅವರು ತೋರಿಸಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಒಟ್ಟು ಮೂವತ್ತೊಂದು ಗುರುತುಗಳಿವೆ: ವಾಲ್ವ್ ಎಲ್ಲಿದೆ, ತಿರುವು ಎಲ್ಲಿದೆ, ಯಾವ ಗೋಡೆಯಿಂದ ಎಷ್ಟು ಮಾರು. ಆ ಪುಸ್ತಕವನ್ನು ಯಾವ ಮೇಜಿಗೆ ತಲುಪಿಸಬೇಕೆಂದು ತಮ್ಮ ಕಚೇರಿ ತಿಳಿಸಿದರೆ ನಾನೇ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಗುತ್ತಿಗೆದಾರ
ಬೀದರ್