ಡ್ರೈವರ್ ತಾಟಿಗೆ ಬಿಸಿ ರೊಟ್ಟಿ, ಪ್ಯಾಸೆಂಜರ್ ತಾಟಿಗೆ ಮುಂಜಾನೆ ಅನ್ನ

ಇವರಿಗೆ,
ಮಾಲೀಕರು,
ಹೆದ್ದಾರಿ ಪಕ್ಕದ ಊಟದ ಹೋಟೆಲ್,
ಕುಷ್ಟಗಿ–ಹೊಸಪೇಟೆ ರಸ್ತೆ, ಕೊಪ್ಪಳ ಜಿಲ್ಲೆ.

ವಿಷಯ: ಹೋದ ಮಂಗಳವಾರ ನಿಮ್ಮಲ್ಲಿ ಉಂಡ ನನ್ನ ಗಾಡಿಯ ನಾಲ್ವರಿಗೆ ವಾಂತಿಯಾದದ್ದು ಮತ್ತು ಮಧ್ಯಾಹ್ನದ ಮೇಲೆ ನಿಮ್ಮ ಅಡುಗೆಮನೆ ನಡೆಯುವ ರೀತಿ ಕುರಿತು ದೂರು.

ಸಾವ್ಕಾರರಿಗೆ ನಮಸ್ಕಾರ.

ಹೆಸರು ಹೇಳಿದರೆ ನಿಮಗೆ ನಾನು ಯಾರೆಂದು ಗೊತ್ತಾಗಲಿಕ್ಕಿಲ್ಲ. ಗಾಡಿ ನೋಡಿದರೆ ಗೊತ್ತಾಗುತ್ತೆ. ಕುಷ್ಟಗಿಯ ಬಿಳಿ ಟಿಟಿ (ಟೆಂಪೋ ಟ್ರಾವೆಲರ್), ಹಿಂದಿನ ಗಾಜಿನ ಮೇಲೆ ಹುಲಿಗೆಮ್ಮನ ಫೋಟೋ. ಆರು ವರ್ಷದಿಂದ ನಿಮ್ಮ ಬೇವಿನ ಮರದ ಕೆಳಗೆ ಗಾಡಿ ಹಚ್ಚುತ್ತಿದ್ದೇನೆ. ಹುಲಿಗಿ, ಅಂಜನಾದ್ರಿ, ಹಂಪಿ ಅಂತ ಹೋಗುವ ಪಾರ್ಟಿಗಳು ನನಗೆ ಜಾಸ್ತಿ. ಊಟಕ್ಕೆ ಎಲ್ಲಿ ನಿಲ್ಲಿಸೋಣ ಅಂತ ಅವರು ಕೇಳಿದಾಗಲೆಲ್ಲ ನನ್ನ ಬಾಯಿಂದ ಬರುತ್ತಿದ್ದದ್ದು ನಿಮ್ಮ ಹೋಟೆಲಿನ ಹೆಸರೇ.

ನಮ್ಮಂಥವರಿಗೆ ನಿಮ್ಮಲ್ಲಿ ಊಟಕ್ಕೆ ದುಡ್ಡಿಲ್ಲ. ಹೈವೇ ಹೋಟೆಲುಗಳಲ್ಲಿ ಇದು ಮೊದಲಿಂದ ನಡೆದುಬಂದದ್ದೇ, ಮುಚ್ಚುಮರೆ ಏನಿಲ್ಲ. ಗಾಡಿ ತಂದು ನಿಲ್ಲಿಸಿದರೆ ಡ್ರೈವರಿಗೆ ಊಟ, ಚಹಾ, ಹೊರಡುವಾಗ ಕೈಗೊಂದು ನೀರಿನ ಬಾಟಲಿ. ಅಡುಗೆಮನೆ ಮಗ್ಗುಲಿನ ಆ ಸಣ್ಣ ರೂಮಿನಲ್ಲಿ ಫ್ಯಾನಿನ ಕೆಳಗೆ ಕೂತರೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತೆ. ಹಂಚಿನಿಂದ ಇಳಿದ ರೊಟ್ಟಿ ಉಬ್ಬು ಇಳಿಯುವ ಮೊದಲೇ ತಾಟಿಗೆ ಬರುತ್ತೆ. ಪುಂಡಿ ಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೆನೆ ಮೊಸರು. ನಿಮ್ಮ ರೊಟ್ಟಿ ಅಕ್ಕಂದಿರ ಕೈಗುಣದ ಬಗ್ಗೆ ನನ್ನದು ಒಂದು ಮಾತೂ ಇಲ್ಲ. ದೂರು ಬರೆಯಲು ಕೂತಾಗಲೂ ಅದನ್ನು ನೆನೆಸಿಕೊಂಡರೆ ಬಾಯಲ್ಲಿ ನೀರು ಬರುತ್ತೆ, ಏನು ಮಾಡೋದು.

ಆದರೆ ಆರು ವರ್ಷದಲ್ಲಿ ಒಂದು ದಿನವೂ ನಾನು ಪ್ಯಾಸೆಂಜರ್ ಕಡೆ ಕೂತು ಉಂಡಿರಲಿಲ್ಲ.

ಹೋದ ಮಂಗಳವಾರ ಹನುಮಸಾಗರದ ಪಾರ್ಟಿ. ಮಕ್ಕಳೂ ಸೇರಿ 16 ಜನ. ಬೆಳಗ್ಗೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದು, ಹುಲಿಗಿಗೆ ಬಂದರು. ಮಂಗಳವಾರ ಅಂದರೆ ಅಲ್ಲಿ ಗದ್ದಲ ನಿಮಗೇ ಗೊತ್ತಲ್ಲ. ದರ್ಶನ ಮುಗಿಸಿ ನಿಮ್ಮಲ್ಲಿಗೆ ಬಂದಾಗ ಮೂರು ಗಂಟೆ ಮೇಲಾಗಿತ್ತು. ಎಲ್ಲರೂ ಹಸಿದಿದ್ದರು. ನಾನು ಎಂದಿನ ಹಾಗೆ ನನ್ನ ರೂಮಿಗೆ ಹೋದೆ. ಎಂದಿನ ಹಾಗೆ ಬಿಸಿ ರೊಟ್ಟಿ ಬಂತು.

ಹೊರಗೆ ಒಂಬತ್ತು ಜನ ರೊಟ್ಟಿ ಊಟ ತೆಗೆದುಕೊಂಡರು. ಐದು ಜನ ಹುಡುಗ-ಹುಡುಗಿಯರು ಫ್ರೈಡ್ ರೈಸ್ ಹೇಳಿದರು. ಇಬ್ಬರು ಮಕ್ಕಳಿಗೆ ಗೋಬಿ ಮಂಚೂರಿ. ನೀರಿನ ಬಾಟಲಿ ಸೇರಿ 1,990 ರೂಪಾಯಿ ಬಿಲ್ಲು. ಬಿಲ್ಲು ಅನ್ನೋದಕ್ಕಿಂತ ಚೀಟಿ ಅನ್ನಬೇಕು. ಹಾಳೆ ತುಂಡಿನ ಮೇಲೆ ಪೆನ್ನಿನಲ್ಲಿ ಬರೆದ ನಾಲ್ಕು ಸಾಲು.

ಕುಷ್ಟಗಿಯಲ್ಲಿ ಚಹಾಕ್ಕೆ ನಿಂತು ಹನುಮಸಾಗರದ ದಾರಿ ಹಿಡಿದಾಗ ಹಿಂದಿನ ಸೀಟಿನ ಹುಡುಗ "ಅಣ್ಣಾ, ಗಾಡಿ ನಿಲ್ಸು" ಅಂತ ಕೂಗಿದ. ಗಾಡಿ ಆಗಿಬರದ ಹುಡುಗ ಇರಬೇಕು ಅಂದುಕೊಂಡು ನಿಲ್ಲಿಸಿದೆ. ಇಳಿದವನು ಜಾಲಿ ಗಿಡ ಹಿಡಿದುಕೊಂಡು ಕೂತುಬಿಟ್ಟ. ಅವನು ಏಳುವ ಮೊದಲೇ ಇನ್ನೊಬ್ಬ ಇಳಿದ. ಆಮೇಲೆ ಮೂರನೆಯವಳು, ಪಿಯುಸಿ ಓದುವ ಹುಡುಗಿ. ಅವಳಿಗೆ ಇಳಿಯುವಷ್ಟೂ ಪುರಸೊತ್ತಾಗಲಿಲ್ಲ. ನಾಲ್ಕನೆಯವನಿಗೆ ಶುರುವಾದಾಗ ನಾನು ಗಾಡಿ ತಿರುಗಿಸಿ ಕುಷ್ಟಗಿಯ ಸರ್ಕಾರಿ ಆಸ್ಪತ್ರೆಗೆ ಹೊಡೆದೆ. ಇಬ್ಬರಿಗೆ ಸಲೈನ್ ಹಚ್ಚಿದರು, ಇಬ್ಬರಿಗೆ ಓಆರ್‌ಎಸ್ ಕುಡಿಸಿದರು. ಅವರನ್ನೆಲ್ಲ ಊರು ಮುಟ್ಟಿಸಿದಾಗ ರಾತ್ರಿ ಹನ್ನೊಂದೂವರೆ.

ಪಾರ್ಟಿಯಲ್ಲಿ ಒಬ್ಬ ರಿಟೈರ್ಡ್ ಮಾಸ್ತರ್ ಇದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದೇ ಚೀಟಿಯ ಹಿಂದೆ ಯಾರು ಯಾರು ಏನೇನು ತಿಂದರು ಅಂತ ಬರೆದುಕೊಂಡರು. ರೊಟ್ಟಿ ಉಂಡ ಒಂಬತ್ತೂ ಜನ ಗಟ್ಟಿ. ಮಕ್ಕಳೂ ಗಟ್ಟಿ. ಫ್ರೈಡ್ ರೈಸ್ ತಿಂದ ಐವರಲ್ಲಿ ನಾಲ್ವರು ಮಲಗಿದ್ದರು. ಐದನೆಯವನು ಎರಡು ಚಮಚ ತಿಂದು, ರುಚಿ ಹತ್ತಲಿಲ್ಲ ಅಂತ ಬಿಟ್ಟಿದ್ದನಂತೆ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಅನ್ನ ಉಂಡಿದ್ರಾ?" ಅಂತ. ಬೇಯಿಸಿದ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಇಟ್ಟರೆ, ಕುದಿಯಲ್ಲೂ ಸಾಯದೆ ಉಳಿದ ಒಂದು ಜಾತಿಯ ಬ್ಯಾಕ್ಟೀರಿಯಾ ಅದರಲ್ಲಿ ಮತ್ತೆ ಬೆಳೆದು ವಿಷ ಬಿಡುತ್ತಂತೆ. ಆ ವಿಷ ಬಿಸಿಗೆ ಜಗ್ಗಲ್ಲ. ಬಾಣಲೆಯಲ್ಲಿ ಎಷ್ಟೇ ಜೋರು ಉರಿಯಲ್ಲಿ ಹುರಿದರೂ ಅದು ಅಲ್ಲೇ ಇರುತ್ತೆ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ಮಾಡಿಟ್ಟ ಅಡುಗೆ ಒಂದೋ 60 ಡಿಗ್ರಿಗಿಂತ ಮೇಲೆ ಬಿಸಿ ಇರಬೇಕು, ಇಲ್ಲ ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ ಇರಬೇಕು, ನಡುವೆ ಇದ್ದರೆ ಅಪಾಯ ಅಂದರು. ನಮ್ಮ ಮನೆಯ ಖಡಕ್ ರೊಟ್ಟಿ ತಿಂಗಳು ಇಟ್ಟರೂ ಕೆಡಲ್ಲ, ಅದರಲ್ಲಿ ನೀರಿಲ್ಲ. ಅನ್ನಕ್ಕೆ ಆ ಗುಣ ಎಲ್ಲಿಂದ ಬರಬೇಕು, ಅದೂ ನಮ್ಮ ಬಿಸಿಲಲ್ಲಿ?

ಲ್ಯಾಬ್ ರಿಪೋರ್ಟ್ ನನ್ನ ಹತ್ತಿರ ಇಲ್ಲ. ಅನ್ನವೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಅದಕ್ಕೇ ಗುರುವಾರ ನಾನೊಬ್ಬನೇ ನಿಮ್ಮಲ್ಲಿಗೆ ಬಂದೆ. ನೀವು ಇರಲಿಲ್ಲ. ಗಲ್ಲಾದ ಮೇಲಿದ್ದ ಮ್ಯಾನೇಜರಿಗೆ ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಗುತ್ತಾ ಅಂದರು: "ಅಣ್ಣಾರ, ನಿಮ್ಮ ಊಟದಾಗ ಏನಾರ ತ್ರಾಸ ಆತೇನು? ಇಲ್ಲಲ್ಲ. ಮತ್ತ ನೀವ್ಯಾಕ ತಲಿ ಕೆಡಿಸ್ಕೋತೀರಿ?"

ಸಾವ್ಕಾರರೇ, ಈ ಮಾತು ಕೇಳದೇ ಇದ್ದಿದ್ದರೆ ನಾನು ಬಹುಶಃ ಈ ಪತ್ರ ಬರೆಯುತ್ತಿರಲಿಲ್ಲ.

ಡ್ರೈವರ್ ರೂಮು ಬಿಟ್ಟು, 110 ರೂಪಾಯಿ ಕೊಟ್ಟು, ಹೊರಗಿನ ಟೇಬಲ್ಲಿಗೆ ಕೂತೆ. ನಾಲ್ಕು ಗಂಟೆ ಸುಮಾರು. ಫ್ರೈಡ್ ರೈಸ್ ಹೇಳಿದೆ. ತಿನ್ನಲಿಲ್ಲ, ಎಲ್ಲಿಂದ ಬರುತ್ತೆ ಅಂತ ನೋಡಿದೆ ಅಷ್ಟೇ. ಅಡುಗೆಮನೆ ಬಾಗಿಲ ಪಕ್ಕ, ಗೋಡೆಗೆ ಹತ್ತಿಸಿ ಇಟ್ಟ ದೊಡ್ಡ ಅಲ್ಯೂಮಿನಿಯಂ ದಬರಿ. ಮೇಲೆ ಒದ್ದೆ ಬಟ್ಟೆ, ಬಟ್ಟೆ ಮೇಲೆ ನೊಣ. ಭಟ್ಟರು ಬಟ್ಟೆ ಸರಿಸಿ, ಗಟ್ಟಿಯಾದ ಅನ್ನವನ್ನು ಕೈಯಿಂದ ಒಡೆದು ಬಾಣಲೆಗೆ ಹಾಕಿದರು. ಎದ್ದು ಹೋಗಿ ದಬರಿ ಮುಟ್ಟಿದೆ. ತಣ್ಣಗಿತ್ತು. "ಯಾವಾಗಿಂದು?" ಅಂದೆ. "ಮುಂಜಾನಿದು" ಅಂದರು, ಸುಳ್ಳು ಹೇಳಲಿಲ್ಲ. ಪಾಪ, ಅವರಿಗೆ ಅದು ತಪ್ಪು ಅಂತಲೇ ಗೊತ್ತಿಲ್ಲ. ಯಾರಾದರೂ ಹೇಳಿದ್ದರೆ ತಾನೇ?

ಅಲ್ಲೇ ನಿಂತಾಗ ನೀಲಿ ಡ್ರಮ್ಮು ಕಂಡಿತು. ಸಪ್ಲೈಯರ್ ಹುಡುಗ ಎಂಜಲು ಲೋಟಗಳನ್ನು ಬೆರಳಿಗೆ ನಾಲ್ಕು ಸಿಕ್ಕಿಸಿಕೊಂಡು ಬಂದು, ಡ್ರಮ್ಮಿನಲ್ಲಿ ಒಮ್ಮೆ ಅದ್ದಿ, ಜಾಡಿಸಿ, ಮತ್ತೆ ನೀರು ತುಂಬಿ ಟೇಬಲ್ಲಿಗೆ ಇಟ್ಟ. ಡ್ರಮ್ಮಿನ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು, ಒಂದು ಕರಿಬೇವಿನ ಎಲೆಯೂ ಇತ್ತು. ನಾನು ಇದ್ದಷ್ಟು ಹೊತ್ತು ಆ ಎಲೆ ಅಲ್ಲೇ ತಿರುಗುತ್ತಿತ್ತು. ನೀರು ಬದಲಾಗಿದ್ದರೆ ಎಲೆ ಹೋಗಬೇಕಿತ್ತಲ್ವಾ? ಟೇಬಲ್ ಒರೆಸುವ ಬಟ್ಟೆ, ತಾಟು ಒರೆಸುವ ಬಟ್ಟೆ ಎರಡೂ ಒಂದೇ. ಅದು ಹುಡುಗನ ಹೆಗಲ ಮೇಲೇ ಇರುತ್ತೆ, ಮುಖದ ಬೆವರಿಗೂ ಅದೇ.

ಮಿರ್ಚಿ ಕರಿಯುವ ಎಣ್ಣೆಯ ಬಣ್ಣ ನೋಡಿದೆ. ನನ್ನ ಗಾಡಿಯಲ್ಲಿ ಆಯಿಲ್ ಆ ಬಣ್ಣಕ್ಕೆ ಬಂದರೆ ಗ್ಯಾರೇಜಿಗೆ ಬಿಡುತ್ತೇನೆ. ಇನ್ನು ಗೋಬಿ. ಮಂಗಳವಾರ ಅದನ್ನು ತಿಂದ ಮಗುವಿನ ಬೆರಳು ರಾತ್ರಿ ಆಸ್ಪತ್ರೆಯಲ್ಲೂ ಕೆಂಪಗೇ ಇದ್ದವು. ಸೋಪು ಹಚ್ಚಿ ತೊಳೆದಿದ್ದರಂತೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧ ಮಾಡಿದೆ. ಟಿವಿಯಲ್ಲೆಲ್ಲ ಬಂದಿತ್ತು, ನಿಮ್ಮ ಹೋಟೆಲಿನ ಟಿವಿಯಲ್ಲೂ ಬಂದಿರುತ್ತೆ.

ಹೆಂಗಸರ ಟಾಯ್ಲೆಟ್ ಬಗ್ಗೆ ಬರೆಯಲು ನನಗೆ ಸಂಕೋಚ. ಪಾರ್ಟಿಯ ಅಕ್ಕ ಒಬ್ಬರು ಹೇಳಿದ್ದು ಇಷ್ಟು: ಚಿಲಕ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ಬಾಗಿಲಿಗೆ ಒಬ್ಬರು ಬೆನ್ನು ಕೊಟ್ಟು ನಿಲ್ಲಬೇಕು. ಹುಲಿಗಿಯಿಂದ ಮನೆಯವರೆಗೆ ತಡೆದುಕೊಂಡು ಬಂದ ಅಜ್ಜಿಯೊಬ್ಬರೂ ಆ ಗಾಡಿಯಲ್ಲಿ ಇದ್ದರು.

ಊರಿಗೆ ಬಂದು ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರ್‌ಗಳನ್ನು ಕೇಳಿದೆ. ನನ್ನೊಬ್ಬನದೇ ದೂರು ಆಗಬಾರದು ಅಂತ. ಮೊದಲು ತಲೆ ಕೆಟ್ಟಿತು, ಒಬ್ಬೊಬ್ಬರು ಒಂದೊಂದು ಹೇಳಿದರು. ಇಳಕಲ್ ಗಾಡಿಯವನು, ನಮ್ಮ ಪಾರ್ಟಿ ಬೇರೆ ಕಡೆ ನಿಲ್ಲಿಸಿದರೆ ಜಗಳಕ್ಕೇ ಬರುತ್ತಾರೆ, ಅಲ್ಲಿನ ರೊಟ್ಟಿಯೇ ಬೇಕು ಅಂತಾರೆ ಅಂದ. ವಿಜಯಪುರದ ಕಾರಿನವನು, ಹೋಗುವಾಗ ಹೊಗಳಿದವರೇ ಬರುವಾಗ ಸಾಂಬಾರ್ ಹುಳಿ ಬಂದಿದೆ ಅಂತ ತಾಟು ಸರಿಸಿ ಎದ್ದರು ಅಂದ. ರಾತ್ರಿ ನಿಲ್ಲುವ ಲಾರಿಯವರದು ಒಂದು ತಕರಾರೂ ಇಲ್ಲ. ದಾಲ್, ಚಪಾತಿ ಕೇಳಿದ ಮೇಲೇ ಮಾಡಿಕೊಡುತ್ತಾರಂತೆ.

ಆಮೇಲೆ ಯಾರು ಎಷ್ಟು ಗಂಟೆಗೆ ನಿಂತಿದ್ದರು ಅಂತ ಕೇಳಿದೆ. ಆಗ ಲೆಕ್ಕ ಸಿಕ್ಕಿತು. ಹೊಗಳಿದವರೆಲ್ಲ ಹನ್ನೆರಡು, ಒಂದು ಗಂಟೆಯವರು. ಬೈದವರೆಲ್ಲ ಮೂರರ ಮೇಲಿನವರು. ಅಂದರೆ ನಿಮ್ಮ ಬೋರ್ಡು ಒಂದೇ, ಒಳಗೆ ಹೋಟೆಲು ಎರಡು. ಒಂದು ಊಟದ ಹೊತ್ತಿನದು. ಇನ್ನೊಂದು ಉಳಿದದ್ದನ್ನು ಖಾಲಿ ಮಾಡುವುದು. ಡ್ರೈವರ್ ರೂಮಿಗೆ ಮಾತ್ರ ಯಾವ ಹೊತ್ತಿಗೂ ಮೊದಲನೇ ಹೋಟೆಲಿನ ಊಟ. ಯಾಕೆ ಅಂತ ನಿಮಗೂ ಗೊತ್ತು, ಈಗ ನನಗೂ ಗೊತ್ತು. ಡ್ರೈವರ್ ಖುಷಿ ಇದ್ದರೆ ಗಾಡಿ ನಿಲ್ಲುತ್ತೆ.

ನನ್ನ ಪಾರ್ಟಿಯವರು ನಿಮ್ಮ ಬೋರ್ಡು ನೋಡಿ ಒಳಗೆ ಬಂದವರಲ್ಲ. ನಾನು ಹೇಳಿದೆ ಅಂತ ಬಂದವರು. ಆ ಹುಡುಗಿಯ ಅಪ್ಪ ಆಸ್ಪತ್ರೆಯಲ್ಲಿ ನನಗೆ ಕೇಳಿದರು, "ನೀವೂ ಅಲ್ಲೇ ಉಂಡ್ರಲ್ಲ, ನಿಮಗೇನೂ ಆಗಲಿಲ್ವಾ?" ಕೊಂಕಿನಿಂದ ಕೇಳಲಿಲ್ಲ, ಕಾಳಜಿಯಿಂದಲೇ ಕೇಳಿದರು. ಏನಂತ ಹೇಳಲಿ?

ಈಗ ನನ್ನ ಬೇಡಿಕೆಗೆ ಬರುತ್ತೇನೆ. ನಾಲ್ಕು ಫ್ರೈಡ್ ರೈಸಿನ 440 ರೂಪಾಯಿ ಮತ್ತು ಹೊರಗೆ ತಂದ ಔಷಧಿಯ 860, ಒಟ್ಟು 1,300 ರೂಪಾಯಿ ಆ ಮನೆಯವರಿಗೆ ಮುಟ್ಟಬೇಕು. ಮೆಡಿಕಲ್ ಶಾಪಿನ ರಸೀದಿ ಇದರ ಜೊತೆ ಇಟ್ಟಿದ್ದೇನೆ. ನನ್ನ ಗಾಡಿ ತೊಳೆಸಿದ ಖರ್ಚು ಕೇಳುತ್ತಿಲ್ಲ, ಅದು ಆರು ವರ್ಷದ ಬಿಟ್ಟಿ ಊಟಕ್ಕೆ ವಜಾ. ಮುಂಜಾನೆಯ ಅನ್ನ ಮಧ್ಯಾಹ್ನದ ಮೇಲೆ ಬಾಣಲೆಗೆ ಬೀಳಬಾರದು. ಮೂರರ ಮೇಲೆ ಅನ್ನ ಇಲ್ಲ, ರೊಟ್ಟಿ ಅಷ್ಟೇ ಇದೆ ಅಂತ ಬೋರ್ಡು ಹಾಕಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಡ್ರಮ್ಮು ತೆಗೆದು ಎರಡು ನಲ್ಲಿ ಹಾಕಿಸಿ. ಟಾಯ್ಲೆಟ್ ಬಾಗಿಲಿಗೆ ಚಿಲಕ ಹಾಕಿಸಿ, ಅದಕ್ಕೆಷ್ಟು ಖರ್ಚು?

ಕುಡಿಯುವ ನೀರಿನ ಬಗ್ಗೆ ಒಂದು ಮಾತು. ಜಗ್ಗಿನಲ್ಲಿ ಕೊಡುವುದು ಬೋರಿನ ನೀರು ಅಂತ ಹುಡುಗ ಹೇಳಿದ. ನಮ್ಮ ಕಡೆಯ ಬೋರ್ ನೀರಲ್ಲಿ ಫ್ಲೋರೈಡ್ ಕಾಟ ಇರುವುದು ನಿಮಗೆ ಹೊಸದಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಲು ಬಾರದು, ಕುದಿಸಿದರೂ ಅದು ಹೋಗಲ್ಲ. ಒಮ್ಮೆ ಬಂದು ಹೋಗುವ ಪ್ಯಾಸೆಂಜರಿಗೆ ಬಿಡಿ, ದಿನಾ ಅದನ್ನೇ ಕುಡಿಯುವ ನಿಮ್ಮ ಕೆಲಸದ ಹುಡುಗರ ಹಲ್ಲು ಒಮ್ಮೆ ನೋಡಿ. ನೀರು ಟೆಸ್ಟ್ ಮಾಡಿಸಿ.

ಲೈಸೆನ್ಸ್ ವಿಷಯ ಮಾಸ್ತರ್ ಹೇಳಿಕೊಟ್ಟದ್ದು. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೂ ಅದು ಇರಲೇಬೇಕು. ನಿಮ್ಮ ಗೋಡೆಯ ಮೇಲೆ ನನಗೆ ಕಂಡಿದ್ದು ದೇವರ ಫೋಟೋ ಮತ್ತು ಸಾಲ ಕೇಳಬೇಡಿ ಅನ್ನುವ ಬೋರ್ಡು. ಗಲೀಜಿನಲ್ಲಿ ಅಡುಗೆ ಮಾಡಿದರೆ 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ 1 ಲಕ್ಷದವರೆಗೆ ದಂಡ ಇದೆ. ಜಿಲ್ಲೆಯಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಅಂಕಿತಾಧಿಕಾರಿಗೆ ಕೊಡುವ ಅರ್ಜಿಯನ್ನು ಮಾಸ್ತರ್ ಬರೆದು ಇಟ್ಟುಕೊಂಡಿದ್ದಾರೆ. 1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ಅವತ್ತೇ ಫೋನ್ ಮಾಡಲು ಹೊರಟಿದ್ದರು. ಮೊದಲು ಮಾಲೀಕರಿಗೆ ಒಂದು ಮಾತು ತಿಳಿಸೋಣ ಅಂತ ತಡೆದವನು ನಾನು. ಹತ್ತು ದಿನ ಟೈಮ್ ಕೇಳಿದ್ದೇನೆ.

ಬರುವ ಮಂಗಳವಾರ ಮತ್ತೊಂದು ಪಾರ್ಟಿ ಇದೆ, 14 ಜನ. ಹುಲಿಗಿಯಿಂದ ವಾಪಸ್ ಬರುವಾಗ ಮೂರು ಗಂಟೆ ಆಗುತ್ತೆ. ನಿಮ್ಮಲ್ಲಿ ನಿಲ್ಲಿಸಬೇಕೋ, ನೇರ ಕುಷ್ಟಗಿಗೆ ಬಿಡಬೇಕೋ ಅಂತ ಸೋಮವಾರ ಸಂಜೆಯೊಳಗೆ ನೀವೇ ಫೋನ್ ಮಾಡಿ ತಿಳಿಸಿ, ಮ್ಯಾನೇಜರ್ ಬೇಡ. ನನ್ನ ನಂಬರ್ ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿದ ಡ್ರೈವರ್ ಪಟ್ಟಿಯಲ್ಲಿದೆ. ನಿಲ್ಲಿಸಿದರೆ ನಾನು ಪಾರ್ಟಿ ಜೊತೆಗೇ ಕೂರುತ್ತೇನೆ, ನನ್ನ ಊಟದ ದುಡ್ಡು ನಾನೇ ಕೊಡುತ್ತೇನೆ.

ಇಂತಿ,
ಬಿಳಿ ಟಿಟಿ ಡ್ರೈವರ್,
ಕುಷ್ಟಗಿ.

ಲಗತ್ತು: ಚೀಟಿ ಬಿಲ್ಲಿನ ಜೆರಾಕ್ಸ್ (ಹಿಂದೆ ಮಾಸ್ತರ್ ಬರೆದ ಲೆಕ್ಕ ಸಹಿತ), ಔಷಧಿ ರಸೀದಿ, ನೀಲಿ ಡ್ರಮ್ಮಿನ ಎರಡು ಫೋಟೋ.